ತನ್ನ ತಪ್ಪನ್ನೂ ತಾನೇ ಹೇಳಿದ ಟಿಪ್ಪಣಿ

ಡಿಪ್ಲೊಮಾ ಓದುವಾಗ ನಮ್ಮಲ್ಲಿ ಹೆಚ್ಚಿನವರ ನೋಟ್‌ಬುಕ್ಕಿನ ಕೊನೆಯ ಹಾಳೆ ಕಂಪ್ಯೂಟರ್ ಲ್ಯಾಬಿಗೇ ಮೀಸಲು. ನುಡಿಯಲ್ಲಿ ಅರ್ಕಾವತ್ತು ಹೊಡೆಯೋದು ಹೇಗೆ, ಪೇಜ್‌ಮೇಕರ್‌ನಲ್ಲಿ ಕಾಲಂ ಹಾಕೋದು ಹೇಗೆ, ಎಲ್ಲ ಅಲ್ಲೇ ಇರುತ್ತಿತ್ತು. ಆ ಹಾಳೆ ಇಲ್ಲದವರು ಪ್ರತಿ ಸಲ ಯಾರನ್ನಾದರೂ ಕೇಳುತ್ತಾ ನಿಲ್ಲಬೇಕಿತ್ತು.

ಸಾಫ್ಟ್‌ವೇರ್ ಬರೆಯುವವರೂ ಹೀಗೆಯೇ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡವರು ಯಾರೂ ಇಲ್ಲ. ಅವರ ಪಕ್ಕದಲ್ಲೂ ಒಂದು ಚೀಟಿ ಇರುತ್ತದೆ. ಆ ಚೀಟಿಗೊಂದು ಚರಿತ್ರೆಯೂ ಇದೆ.

1964ರಲ್ಲಿ ಐಬಿಎಂ ಕಂಪನಿ ಸಿಸ್ಟಮ್/360 ಎಂಬ ದೊಡ್ಡ ಕಂಪ್ಯೂಟರ್ ಸರಣಿಯನ್ನು ಘೋಷಿಸಿತು. ಅದರ ಕೈಪಿಡಿಗಳು ದಪ್ಪ ದಪ್ಪ. ಹಾಗಾಗಿ ಯಂತ್ರದ ಆದೇಶಗಳನ್ನೆಲ್ಲ ಪಟ್ಟಿ ಮಾಡಿ ಮಡಚುವ ಹಸಿರು ಕಾರ್ಡೊಂದನ್ನು ಕಂಪನಿಯೇ ಅಚ್ಚು ಹಾಕಿಸಿತು. ಪ್ರೋಗ್ರಾಂ ಬರೆಯುವವರು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. 'ಗ್ರೀನ್ ಕಾರ್ಡ್' ಅಂತಲೇ ಅದು ಹೆಸರಾಯಿತು.

ನಮಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು ಕಥೆ. ಅದು ನಡೆದದ್ದು ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ.

1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಜೊತೆಗಾರರು ಅಲ್ಲಿ ಯುನಿಕ್ಸ್ ಕಟ್ಟಲು ಶುರು ಮಾಡಿದರು. ಮೊದಮೊದಲು ಅದನ್ನು ಬಳಸುವವರು ಬೆರಳೆಣಿಕೆಯಷ್ಟೇ. ಅನುಮಾನ ಬಂದರೆ ಪಕ್ಕದ ಕೋಣೆಗೆ ಹೋಗಿ ಕೇಳಿದರಾಯಿತು. 1971ರ ಹೊತ್ತಿಗೆ ಅದೇ ಸಂಸ್ಥೆಯ ಪೇಟೆಂಟ್ ವಿಭಾಗದ ಟೈಪಿಸ್ಟರೂ ಅದನ್ನು ಬಳಸತೊಡಗಿದರು. ಎಲ್ಲರೂ ಪಕ್ಕದ ಕೋಣೆಗೆ ಬರಲು ಆಗುತ್ತದೆಯೇ?

ಕೈಪಿಡಿ ಬೇಕೇ ಬೇಕು ಎಂದು ಹಟ ಹಿಡಿದವರು ಅಲ್ಲಿನ ವಿಭಾಗವೊಂದರ ಮುಖ್ಯಸ್ಥ ಡಗ್ ಮೆಕಿಲ್ರಾಯ್. 1971ರ ನವೆಂಬರ್ 3ರ ದಿನಾಂಕ ಹೊತ್ತು ಯುನಿಕ್ಸ್‌ನ ಮೊದಲ ಕೈಪಿಡಿ ಬಂತು. ಒಂದೊಂದು ಆದೇಶಕ್ಕೆ ಒಂದೊಂದು ಚಿಕ್ಕ ಟಿಪ್ಪಣಿ, ಎಲ್ಲಕ್ಕೂ ಒಂದೇ ಅಚ್ಚು: ಹೆಸರೇನು, ಟೈಪ್ ಮಾಡುವುದು ಹೇಗೆ, ಏನು ಮಾಡುತ್ತದೆ, ಜೊತೆಗೆ ಇನ್ನೇನು ನೋಡಬೇಕು. ಕೊನೆಯಲ್ಲಿ ಅದರ ಹೊಣೆ ಯಾರದ್ದು ಅನ್ನುವುದೂ ಇತ್ತು.

ಅದರಲ್ಲೇ ಇನ್ನೊಂದು ಸಾಲಿತ್ತು: 'ಬಗ್ಸ್'. ಅಂದರೆ ಈ ಪ್ರೋಗ್ರಾಮಿನಲ್ಲಿ ಇನ್ನೂ ಉಳಿದಿರುವ ದೋಷಗಳು. ಫೈಲ್ ನಕಲು ಮಾಡುವ 'ಸಿಪಿ' ಆದೇಶವನ್ನೇ ತೆಗೆದುಕೊಳ್ಳಿ. ಒಂದು ಫೈಲನ್ನು ಅದರ ಮೇಲೇ ನಕಲು ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು 70ರ ದಶಕದ ಕೈಪಿಡಿಯೇ ಎಚ್ಚರಿಸುತ್ತಿತ್ತು.

ತನ್ನ ಅಂಗಡಿಯ ಮಜ್ಜಿಗೆ ಹುಳಿ ಎಂದು ಯಾರು ಹೇಳುತ್ತಾರೆ? ಇವರು ಹೇಳಿದರು. ಅದರಿಂದ ಇನ್ನೊಂದು ಲಾಭವೂ ಆಯಿತು. ದೋಷವನ್ನು ಬರೆಯಲು ಕೂತಾಗ, ಇದನ್ನು ಬರೆಯುವ ಬದಲು ಸರಿ ಮಾಡುವುದೇ ಮೇಲು ಅನ್ನಿಸಿ ಎಷ್ಟೋ ಸಲ ಪ್ರೋಗ್ರಾಮನ್ನೇ ತಿದ್ದುತ್ತಿದ್ದರು.

ಯುನಿಕ್ಸ್‌ನ ಹಾದಿಯಲ್ಲೇ 1991ರಲ್ಲಿ ಲಿನಕ್ಸ್ ಬಂತು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದು ಅದರದ್ದೇ ಕರ್ನಲ್. ಕಾಲ ಕಳೆದಂತೆ ಟಿಪ್ಪಣಿಗಳೂ ಬೆಳೆದವು. ಕೆಲವು ಆದೇಶಗಳದ್ದು ಪುಟಗಟ್ಟಲೆ ಆಯಿತು. ಕಲಿಯುವವರು ಸುಸ್ತಾದರು. 2013ರಲ್ಲಿ 'ಟಿಎಲ್‌ಡಿಆರ್ ಪೇಜಸ್' ಶುರುವಾಯಿತು. 'ತುಂಬಾ ಉದ್ದ, ಓದಲಿಲ್ಲ' ಅನ್ನುವುದೇ ಆ ಹೆಸರಿನ ಅರ್ಥ. ಒಂದೊಂದು ಆದೇಶಕ್ಕೆ ನಾಲ್ಕಾರು ಉದಾಹರಣೆ, ಅಷ್ಟೇ.

ಚಿಕ್ಕದಾದದ್ದು ಒಳ್ಳೆಯದೇ. ಆದರೆ ಚಿಕ್ಕದು ಮಾಡುವಾಗ ಎಚ್ಚರಿಕೆಯ ಸಾಲೇ ಬಿದ್ದುಹೋದರೆ ಕಷ್ಟ. ಫೈಲ್ ಅಳಿಸುವ 'ಆರ್‌ಎಂ' ಆದೇಶವನ್ನು ಅರ್ಥವಾಗದೆ ಎಲ್ಲಿಂದಲೋ ನಕಲು ಮಾಡಿ ಒತ್ತಿದರೆ, ಹೋದದ್ದು ಹೋದಂತೆಯೇ. ಕಸದ ಬುಟ್ಟಿಯಲ್ಲೂ ಸಿಗುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಈಗ ಫೋನಿನಲ್ಲೇ ಕೋಡಿಂಗ್ ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಅನುಮಾನ ಬಂದರೆ ಕೇಳಲು ಅವರಿಗೆ ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲ. ಅವರಿಗೆ ನಾವು ಹೇಳುವುದಿಷ್ಟೆ: ಕಲಿತದ್ದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದಿಡಿ. ಎಲ್ಲಿ ಎಡವಿದಿರಿ ಅನ್ನುವುದನ್ನೂ ಕೊನೆಗೆ ಒಂದು ಸಾಲು ಸೇರಿಸಿ. ನಿಮ್ಮ ಹಿಂದೆ ಬರುವವರಿಗೆ ಆ ಸಾಲೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.