ಮಗನ ಬೂಟು

ಮಳೆಯಲ್ಲಿ ನೆನೆದ ಮಗನ ಚರ್ಮದ ಬೂಟನ್ನು ಬಿಸಿಲಿಗಿಟ್ಟೆ. ಸಂಜೆಗೆ ಚರ್ಮ ಬಿರಿದು, ಅಟ್ಟೆ ಕಳಚಿತ್ತು. ಮಾರನೆಯ ದಿನ ಮಂಡಿಕಲ್ಲಿನಿಂದ ಚಿಕ್ಕಬಳ್ಳಾಪುರಕ್ಕೆ ಒಯ್ದು, ರಸ್ತೆ ಬದಿ ಛತ್ರಿಯ ಕೆಳಗೆ ಕೂತಿದ್ದ ತಾತನ ಮುಂದಿಟ್ಟೆ.

"ಬಿಸಿಲಿಗಿಟ್ಟಿರೇನಮ್ಮ?" ಎಂದರು. ಬಿಸಿಲಿಗೆ ಚರ್ಮದ ಜಿಡ್ಡು ಆರಿಹೋಗುತ್ತದಂತೆ. ಒಳಗೆ ಹಳೆಯ ಪೇಪರು ತುರುಕಿ ನೆರಳಲ್ಲಿ ಒಣಗಿಸಬೇಕು; ಪೂರ್ತಿ ಒಣಗಿದ ಮೇಲೆ ಪಾಲಿಶ್ ತಿಕ್ಕಬೇಕು. ಮೇಣ ಸವರಿದ ದಾರದಲ್ಲಿ ಅಟ್ಟೆ ಹೊಲಿಯುತ್ತಾ ಅವರ ಅಪ್ಪನ ಕಾಲದ ಮಾತು ತೆಗೆದರು. ಆಗ ತಂಗಡಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ಚರ್ಮ ಹದ ಮಾಡುತ್ತಿದ್ದರಂತೆ. ಕ್ರೋಮ್ ಉಪ್ಪಿನಿಂದ ಬೇಗ ಹದವಾಗುವ ಕಾರ್ಖಾನೆಯ ಚರ್ಮ ಬಂದ ಮೇಲೆ ಮನೆಯ ಆ ಕಸುಬು ನಿಂತಿತು. ಚರ್ಮದ ಕುಶಲಕರ್ಮಿಗಳಿಗೆಂದು ಸರ್ಕಾರ ಲಿಡ್ಕರ್ ನಿಗಮ ಸ್ಥಾಪಿಸಿದ್ದು 1976ರಲ್ಲಿ.

ಕೇಳುತ್ತಾ ನನಗೆ ಹರಳಯ್ಯನ ನೆನಪಾಯಿತು. 12ನೇ ಶತಮಾನದ ಕಲ್ಯಾಣದ ಶರಣ. ಬಸವಣ್ಣನವರಿಗಾಗಿ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಕಥೆ. ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ತಂದುಕೊಂಡದ್ದಕ್ಕೆ ಬೀಗರಿಬ್ಬರಿಗೂ ಮರಣದಂಡನೆಯಾಯಿತು. ಈ ಪಾಠ ಹೇಳುವಾಗ ನನ್ನ ಗಂಟಲು ಎಷ್ಟೋ ಸಲ ಕಟ್ಟಿದೆ.

ನಾನು ಚಿಕ್ಕವಳಿದ್ದಾಗ, ಚಪ್ಪಲಿ ಹೊಲಿದು ತಂದವರಿಗೆ ಅಮ್ಮ ಜಗುಲಿಯ ಅಂಚಿನಲ್ಲಿ ದುಡ್ಡಿಡುತ್ತಿದ್ದಳು. ಕೈಗೆ ಕೊಡುತ್ತಿರಲಿಲ್ಲ.

ಅರವತ್ತು ರೂಪಾಯಿ ತೆಗೆದೆ. ತಾತ ತಲೆಯೆತ್ತದೆ, "ಅಲ್ಲೇ ಇಡಿ ತಾಯಿ" ಎಂದು ಗೋಣಿಚೀಲ ತೋರಿಸಿದರು. ನಾನು ಇಡಲಿಲ್ಲ, ಅವರು ಕೈ ಚಾಚುವವರೆಗೂ ನಿಂತೆ.

ಇಷ್ಟು ವರ್ಷ ಹರಳಯ್ಯನ ಪಾಠ ಮಾಡಿದವಳು, ಚಪ್ಪಲಿ ಹೊಲಿದವರ ಕೈಗೆ ದುಡ್ಡು ಕೊಟ್ಟದ್ದು ಅಂದೇ ಮೊದಲು.