ಎರಡು ಬಾಗಿಲ ಕಾರು ಮಾರೋರು ಕೀ ಕೊಡೋ ಮುಂಚೆ ಇದನ್ನ ಗಮನಿಸಿ

ಹೆಸರಘಟ್ಟ: ಜಿಪ್ಸಿ, ಥಾರ್, ರೇವಾ, ಇ2ಒ. ಬೆಂಗಳೂರು ಉತ್ತರದ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗೋ ಎರಡು ಬಾಗಿಲ ಕಾರುಗಳು ಹೆಚ್ಚುಕಡಿಮೆ ಇಷ್ಟೇ. ಮನೇಲಿ ವಯಸ್ಸಾದವರಿದ್ದರೆ ಇಂಥ ಕಾರು ಯಾರೂ ಕೇಳಲ್ಲ, ಹಿಂದಿನ ಸೀಟಿಗೆ ಹತ್ತೋದೇ ಕಷ್ಟ. ಹಾಗಾಗಿ ಗಿರಾಕಿ ಕಮ್ಮಿ. ಆದರೆ ಹುಡುಕಿಕೊಂಡು ಬರುವವರು ಇದೇ ಬೇಕು ಅಂತಲೇ ಬರ್ತಾರೆ. ಮಾರೋರಿಗೆ ಅವಸರ ಇಲ್ಲದಿದ್ದರೆ ಬ್ರೋಕರ್‌ಗಿಂತ ನೇರ ವ್ಯಾಪಾರದಲ್ಲೇ ನಾಲ್ಕು ಕಾಸು ಹೆಚ್ಚು ಸಿಗುತ್ತೆ.

ತೊಂದರೆ ಶುರುವಾಗೋದು ಮಾರಿದ ಮೇಲೆ. ಬಾಂಡ್ ಪೇಪರ್ ಮೇಲೆ ಬರೆಸಿ, ಖಾಲಿ ಫಾರಂಗೆ ಸಹಿ ಹಾಕಿ, ದುಡ್ಡು ಎಣಿಸಿಕೊಂಡು ಕೀ ಕೊಟ್ಟುಬಿಟ್ಟರೆ ಮುಗೀತು ಅಂತ ಅನೇಕರು ತಿಳಿದಿದ್ದಾರೆ. ಕಾನೂನು ಹಾಗೆ ಹೇಳಲ್ಲ. 2007ರಲ್ಲಿ ಮಾರಿದ ಒಂದು ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸಿ 2009ರಲ್ಲಿ ಅಪಘಾತ ಮಾಡಿತು, ಒಂದು ಜೀವ ಹೋಯಿತು. ಆರ್‌ಸಿ ಮಾತ್ರ ಇನ್ನೂ ಮೊದಲನೇ ಮಾಲೀಕರ ಹೆಸರಲ್ಲೇ ಇತ್ತು. ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಕಾರು ಯಾರ ಮನೆ ಮುಂದೆ ನಿಂತಿದೆ ಅನ್ನೋದು ಲೆಕ್ಕಕ್ಕೆ ಬರಲಿಲ್ಲ, ದಾಖಲೆಯಲ್ಲಿ ಯಾರ ಹೆಸರಿದೆ ಅನ್ನೋದೇ ಬಂತು.

ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಮಾರಿದ್ದಕ್ಕೆ ಫಾರಂ 29, ವರ್ಗಾವಣೆಯ ಅರ್ಜಿಗೆ ಫಾರಂ 30. ಎರಡನ್ನೂ ಪರಿವಾಹನ್ ವೆಬ್‌ಸೈಟ್‌ನಲ್ಲಿ ಭರ್ತಿ ಮಾಡಬಹುದು. ‘ಟ್ರಾನ್ಸ್‌ಫರ್ ನಾನೇ ಮಾಡಿಸ್ಕೋತೀನಿ ಬಿಡಿ ಅಣ್ಣ’ ಅನ್ನೋ ಮಾತಿಗೆ ಒಪ್ಪಬಾರದು. ಸೈಬರ್ ಸೆಂಟರ್‌ನಲ್ಲಿ ಇಬ್ಬರೂ ಜೊತೆಗೆ ಕೂತು ಅರ್ಜಿ ಹಾಕಿ, ಅರ್ಜಿ ನಂಬರ್ ಬಂದ ಮೇಲೆ ಕೀ ಕೊಟ್ಟರೆ ಸಾಕು. ಬ್ರೋಕರ್ ಕೈಗೇ ಗಾಡಿ ಕೊಡೋದಾದರೆ 2023ರ ಏಪ್ರಿಲ್‌ನಿಂದ ಬೇರೆ ನಿಯಮ ಇದೆ. ಆರ್‌ಟಿಒ ಅನುಮತಿ ಇರುವ ಡೀಲರ್‌ಗೆ ಮಾತ್ರ ಫಾರಂ 29ಸಿ ಮೂಲಕ ಒಪ್ಪಿಸಬಹುದು, ಆಮೇಲೆ ಹೊಣೆ ಡೀಲರ್‌ದು. ಅನುಮತಿ ಇಲ್ಲದ ಬ್ರೋಕರ್ ತಿಂಗಳುಗಟ್ಟಲೆ ಗಾಡಿ ಇಟ್ಕೊಂಡ್ರೆ ಅಷ್ಟೂ ದಿನ ಹೊಣೆ ಹಳೇ ಮಾಲೀಕರದೇ.

ಗಿರಾಕಿ ಬರೋ ಮುಂಚೆ ಕಾಗದ ಸರಿ ಮಾಡ್ಕೊಳ್ಳೋದು ಒಳ್ಳೇದು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತೆ, ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿರಬೇಕು, ಟ್ರಾಫಿಕ್ ದಂಡ ಕಟ್ಟಿರಬೇಕು.

ಎರಡು ಬಾಗಿಲ ಗಾಡಿಗಳಿಗೆ ಇನ್ನೊಂದು ತಲೆನೋವು ವಯಸ್ಸು. ಜಿಪ್ಸಿ 1985ರಲ್ಲಿ ಬಂದ ಗಾಡಿ, ಬೆಂಗಳೂರಿನದೇ ಆದ ರೇವಾ 2001ರದ್ದು. ಅನೇಕ ಗಾಡಿಗಳ 15 ವರ್ಷದ ನೋಂದಣಿ ಮುಗಿದಿರುತ್ತೆ. 2022ರಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 5,000 ರೂ., 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ್ದಕ್ಕೆ 10,000 ರೂ. ರೇವಾದಂಥ ಬ್ಯಾಟರಿ ಗಾಡಿಗೆ 2021ರಿಂದ ಈ ಶುಲ್ಕ ಇಲ್ಲ. ಆದರೆ ರೇವಾದ ಬೆಲೆ ಅಂದ್ರೆ ಅದರ ಬ್ಯಾಟರಿಯ ಬೆಲೆ, ಯಾವಾಗ ಬದಲಾಯಿಸಿದ್ದು ಅನ್ನೋ ಬಿಲ್ ಇಲ್ಲದಿದ್ದರೆ ಕೇಳಿದ ರೇಟು ಸಿಗಲ್ಲ. ಜಿಪ್ಸಿ, ಹಳೇ ಥಾರ್‌ಗಳಲ್ಲಿ ಟಾಪ್, ಸೀಟು, ಬಣ್ಣ, ಕೆಲವೊಮ್ಮೆ ಇಂಜಿನ್ನೂ ಬದಲಾಗಿರುತ್ತೆ. ಆರ್‌ಸಿಯಲ್ಲಿ ಬರೆದಿರೋದಕ್ಕೆ ಗಾಡಿ ಹೊಂದದಿದ್ದರೆ ಟ್ರಾನ್ಸ್‌ಫರ್ ಅಲ್ಲೇ ನಿಲ್ಲಬಹುದು, ಅದನ್ನು ಗಿರಾಕಿಗೆ ಮುಂಚೆಯೇ ಹೇಳಿಬಿಡೋದು ವಾಸಿ.

ಟೆಸ್ಟ್ ಡ್ರೈವ್‌ಗೆ ಕೊಡುವಾಗ ಡಿಎಲ್ ಫೋಟೊ ತಗೊಂಡು ಪಕ್ಕದಲ್ಲಿ ಕೂರಬೇಕು. ಥಾರ್, ಜಿಪ್ಸಿ ಗಿರಾಕಿಗಳು ‘ಹುಲ್ಲುಗಾವಲಿನ ಕಡೆ ಒಂದು ರೌಂಡ್’ ಅಂತ ಕೇಳೋದುಂಟು. ಹೆಸರಘಟ್ಟದ ಹುಲ್ಲುಗಾವಲು ಸಂರಕ್ಷಣಾ ಮೀಸಲು ಅಂತ ಸರ್ಕಾರ ಒಪ್ಪಿರುವ ಜಾಗ, ಫೋರ್ ವೀಲ್ ಪರೀಕ್ಷೆಗೆ ಅಲ್ಲ. ಚಿಕ್ಕಬಾಣಾವರದ ಕಡೆಗಿನ ರಸ್ತೆಯ ಗುಂಡಿಗಳೇ ಸಸ್ಪೆನ್ಷನ್ ಬಗ್ಗೆ ಬೇಕಾದಷ್ಟು ಹೇಳ್ತವೆ.

ಇನ್ನು ದುಡ್ಡು. ಮಿಲಿಟರಿಯವರು ಅಂತ ಫೋನ್ ಮಾಡಿ, ಗಾಡಿ ನೋಡದೇ ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರೆ ಅದು ಮೋಸ. ದುಡ್ಡು ಬರೋಕೆ ಯುಪಿಐ ಪಿನ್ ಹಾಕೋ ಅಗತ್ಯವೇ ಇಲ್ಲ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ದಂಡ ತಗೊಂಡಷ್ಟೇ ಮೊತ್ತ. ಎರಡು ಕಂತಲ್ಲಿ ತಗೊಂಡ್ರೂ ವ್ಯವಹಾರ ಒಂದೇ. ಬ್ಯಾಂಕಿಗೇ ಹಾಕಿಸಿಕೊಳ್ಳೋದು ಸೇಫ್. ಕಾರು ಜಿಎಸ್‌ಟಿ ಇರುವ ಅಂಗಡಿಯ ಲೆಕ್ಕದಲ್ಲಿದ್ದರೆ 2025ರ ಜನವರಿಯಿಂದ ಲಾಭಾಂಶದ ಮೇಲೆ ಶೇ 18 ತೆರಿಗೆ ಬೀಳುತ್ತೆ. ಡಿಪ್ರಿಸಿಯೇಶನ್ ತೋರಿಸಿದವರು ಮಾರೋ ಮುಂಚೆ ಆಡಿಟರ್‌ನ ಒಂದು ಮಾತು ಕೇಳಬೇಕು. ಸ್ವಂತಕ್ಕೆ ಇಟ್ಟುಕೊಂಡ ಜಿಎಸ್‌ಟಿ ಇಲ್ಲದವರಿಗೆ ಇದು ಇಲ್ಲ.

ಕೊಡೋ ದಿನ ತಾರೀಖಿನ ಜೊತೆ ಗಂಟೆ, ಮೀಟರ್ ರೀಡಿಂಗ್ ಹಾಕಿದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಮಾಡಬೇಕು. ಕೊಂಡವರು ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ ಮಾತ್ರ ಮಾರಿದವರದು, ವಿಮೆ ಕಂಪನಿಯಿಂದ ಪತ್ರ ಪಡೆದಿಟ್ಟುಕೊಂಡರೆ ಮುಂದಿನ ಕಾರಿಗೆ ಬರುತ್ತೆ. ಫಾಸ್ಟ್ಯಾಗ್ ಅವತ್ತೇ ಕ್ಲೋಸ್ ಮಾಡಿಸದಿದ್ದರೆ ನೆಲಮಂಗಲದ ಟೋಲ್ ದುಡ್ಡು ಹಳೇ ಮಾಲೀಕರ ಖಾತೆಯಿಂದಲೇ ಹೋಗ್ತಿರುತ್ತೆ. ಆಮೇಲೂ ವಾರಕ್ಕೊಮ್ಮೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಹೊಸಬರ ಹೆಸರು ಬಂತಾ ಅಂತ ನೋಡ್ತಾ ಇರಬೇಕು.