ಗುರಿ ತಪ್ಪಿದ್ದೇಕೆ: ಗಾಳಿಕೋವಿಯ ದೋಷ ಹುಡುಕಿದ ಎರಡು ಶತಮಾನ

1805ರ ಆಗಸ್ಟ್ 7ರಂದು ಅನ್ವೇಷಕ ಮೆರಿವೆದರ್ ಲೂಯಿಸ್ ತನ್ನ ದಿನಚರಿಯಲ್ಲಿ ಗಾಳಿಕೋವಿಯ ಬಗ್ಗೆ ನಾಲ್ಕು ಮಾತು ಬರೆದ. ಲೂಯಿಸ್ ಮತ್ತು ಕ್ಲಾರ್ಕ್ ತಂಡ ಆಗ ಮಿಸೌರಿ ನದಿಯ ಮೇಲ್ಭಾಗ ದಾಟಿ ಅಮೆರಿಕದ ಪಶ್ಚಿಮ ಕಡಲಿನತ್ತ ಸಾಗುತ್ತಿತ್ತು. ಕೋವಿ ಕೆಟ್ಟಿತ್ತು, ಏನೋ ತಗುಲಿ ಗುರಿ ನೋಡುವ ಅದರ ಸೈಟ್ ಜಾಗ ಬಿಟ್ಟಿತ್ತು, ಸರಿಪಡಿಸಿ ಗುರಿ ಹೊಂದಿಸಿದ ಮೇಲೆ ಅದು ಎಂದಿನಂತೆ ಹೊಡೆಯಿತು ಎಂಬುದು ಆ ಬರಹದ ಸಾರ. ಅದಕ್ಕೂ ಎರಡು ತಿಂಗಳ ಹಿಂದೆ, ಜೂನ್ 10ರಂದು, ತಂಡದ ಕಮ್ಮಾರ ಜಾನ್ ಶೀಲ್ಡ್ಸ್ ಅದೇ ಕೋವಿಗೆ ಹೊಸ ಸ್ಪ್ರಿಂಗ್ ಹಾಕಿದ್ದ. ಗಾಳಿಕೋವಿ ಗುರಿ ತಪ್ಪಿದಾಗ ಕಾರಣ ಹುಡುಕಿ ಸರಿಮಾಡಿದ್ದಕ್ಕೆ ಉಳಿದಿರುವ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಕೋವಿ ಕೆಟ್ಟಿದ್ದು ಬೇರೆ, ಸೈಟ್ ಜರುಗಿದ್ದು ಬೇರೆ ಎಂದು ಲೂಯಿಸ್ ಎರಡನ್ನೂ ಪ್ರತ್ಯೇಕವಾಗಿ ಹೆಸರಿಸಿದ್ದಾನೆ. ಮುಂದಿನ ಇನ್ನೂರು ವರ್ಷ ಕೋವಿ ಕಟ್ಟುವವರು ಮಾಡಿದ್ದೂ ಇದನ್ನೇ: ತಪ್ಪನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಒಂದೊಂದನ್ನೇ ಕಳೆಯುತ್ತ ಹೋಗುವುದು. ಒಂದು ದೋಷ ಹೋದಾಗಲೆಲ್ಲ ಅದರ ಮರೆಯಲ್ಲಿದ್ದ ಇನ್ನೊಂದು ಕಣ್ಣಿಗೆ ಬಿತ್ತು.

ಆ ಕಾಲದ ಗಾಳಿಕೋವಿಗಳಲ್ಲಿ ಹೆಸರಾದದ್ದು ಬಾರ್ತಲೊಮೇಯಸ್ ಜಿರಾಂಡೋನಿ ರೂಪಿಸಿದ್ದು. ಆಸ್ಟ್ರಿಯಾದ ಸೇನೆ 1780ರ ಸುಮಾರಿಗೆ ಅದನ್ನು ಕೈಗೆತ್ತಿಕೊಂಡಿತು. ಕೋವಿಯ ಹಿಂಬದಿಯ ಬುಡವೇ ಗಾಳಿಯ ತೊಟ್ಟಿ. ಅದನ್ನು ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಿತ್ತು. ಒಮ್ಮೆ ತುಂಬಿದರೆ ಸುಮಾರು ಮೂವತ್ತು ಹೊಡೆತ. ಆದರೆ ಪ್ರತಿ ಹೊಡೆತಕ್ಕೂ ಒತ್ತಡ ಇಳಿಯುತ್ತಿದ್ದುದರಿಂದ ಮೊದಲ ಗುಂಡಿನ ವೇಗ ಕೊನೆಯ ಗುಂಡಿಗೆ ಇರುತ್ತಿರಲಿಲ್ಲ. ನಂತರದ ಗುಂಡುಗಳು ಕೆಳಗೆ ಕೆಳಗೆ ಬೀಳುತ್ತಿದ್ದವು. ಗಾಳಿ ಸೋರದಂತೆ ತಡೆಯುವ ಚರ್ಮದ ವಾಷರ್ ಒಣಗಿದರೆ ಇದ್ದ ಒತ್ತಡವೂ ನಿಲ್ಲುತ್ತಿರಲಿಲ್ಲ. ಅದನ್ನು ಸದಾ ಒದ್ದೆಯಾಗಿಡಬೇಕಿತ್ತು. ಹೊಡೆತದಿಂದ ಹೊಡೆತಕ್ಕೆ ಒತ್ತಡ ಒಂದೇ ಸಮ ಇರಿಸುವುದು ಹೇಗೆ ಎಂಬ ಪ್ರಶ್ನೆ ಅಂದು ಹುಟ್ಟಿತು. ಅದಕ್ಕೆ ಒಪ್ಪುವ ಉತ್ತರ ಸಿಗಲು ಇಪ್ಪತ್ತನೆಯ ಶತಮಾನ ಮುಗಿಯುತ್ತ ಬರಬೇಕಾಯಿತು.

ನಡುವಿನ ಕಾಲವನ್ನು ಆಳಿದ್ದು ಸ್ಪ್ರಿಂಗ್. ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಪಿಸ್ಟನ್ ತನ್ನ ಮುಂದಿನ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಸೀಸದ ಸಣ್ಣ ಗುಂಡನ್ನು, ಅಂದರೆ ಪೆಲೆಟ್ಟನ್ನು, ನೂಕುತ್ತದೆ. ತೊಟ್ಟಿ ಇಲ್ಲ, ಪಂಪ್ ಬೇಕಿಲ್ಲ. ಸ್ಪ್ರಿಂಗ್ ಸರಿಯಿರುವ ತನಕ ಪ್ರತಿ ಹೊಡೆತಕ್ಕೂ ಹೆಚ್ಚುಕಡಿಮೆ ಒಂದೇ ಬಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಥ ಅಗ್ಗದ ಕೋವಿಗಳು ಸಾಕಷ್ಟು ಬಂದವು. ಬಹಳಷ್ಟರಲ್ಲಿ ನಳಿಗೆಯನ್ನೇ ಮಡಚಿ ಸ್ಪ್ರಿಂಗ್ ಎಳೆಯಬೇಕಿತ್ತು. ಮಡಚುವ ಕೀಲು ಸವೆದರೆ ನಳಿಗೆ ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ ಕಡೆ ನಿಲ್ಲುತ್ತದೆ. ಸೈಟ್ ಎಷ್ಟು ತಿರುಗಿಸಿದರೂ ಈ ದೋಷ ಹೋಗದು, ಏಕೆಂದರೆ ತಪ್ಪು ಒಂದೇ ದಿಕ್ಕಿನಲ್ಲಿ ಇರುವುದಿಲ್ಲ.

ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಪೇಟೆಂಟ್ ಪಡೆದ ಕೋವಿ ಈ ಕೀಲನ್ನೇ ತೆಗೆದುಹಾಕಿತು. ನಳಿಗೆ ಕದಲದೆ ನಿಂತಿತು. ಸ್ಪ್ರಿಂಗ್ ಎಳೆಯಲು ಕೆಳಗೆ ಪ್ರತ್ಯೇಕ ಸನ್ನೆ ಬಂತು. ನಳಿಗೆಯೊಳಗೆ ಸುರುಳಿ ಗೆರೆ ಕೊರೆದದ್ದರಿಂದ ಪೆಲೆಟ್ ತಿರುಗುತ್ತ ಹೊರಟಿತು. 1905ರಿಂದ ಬಿಎಸ್‌ಎ ಕಾರ್ಖಾನೆ ಅದನ್ನು ತಯಾರಿಸಿತು. ಇಂಗ್ಲೆಂಡಿನ ನಡುನಾಡಿನ ಪಬ್‌ಗಳಲ್ಲಿ ಆಗ ಗಂಟೆಯ ಗುರಿಯ ಆಟ ಜನಪ್ರಿಯವಾಗಿತ್ತು: ಆರು ಗಜ ದೂರದ ಲೋಹದ ಹಲಗೆಯಲ್ಲಿ ಹತ್ತು ಮಿಲಿಮೀಟರಿಗೂ ಕಿರಿದಾದ ತೂತು, ಪೆಲೆಟ್ ಅದರೊಳಗೆ ಹೊಕ್ಕರೆ ಹಿಂದಿನ ಗಂಟೆ ಬಾರಿಸುತ್ತದೆ. ಸಾಧಾರಣ ದುಡಿಮೆಗಾರರು ಊರೂರಿನ ತಂಡ ಕಟ್ಟಿಕೊಂಡು ಆಡಿದ ಈ ಆಟವೇ ಗಾಳಿಕೋವಿಯನ್ನು ಆಟಿಕೆಯ ಸಾಲಿನಿಂದ ಎಬ್ಬಿಸಿತು ಎನ್ನಬೇಕು. ಜೆಫ್ರೀಸನ ವಿನ್ಯಾಸಕ್ಕೂ ತನ್ನದೇ ಕೊರತೆಯಿತ್ತು. ಪೆಲೆಟ್ಟನ್ನು ನೇರ ನಳಿಗೆಗೆ ಇಡದೆ ತಿರುಗುವ ಒಂದು ತಿರುಪಿನ ತೂತಿಗೆ ಹಾಕಬೇಕಿತ್ತು. ತಿರುಪು ಸವೆದು ಅದರ ತೂತೂ ನಳಿಗೆಯ ಬಾಯೂ ಒಂದೇ ಗೆರೆಗೆ ಬಾರದಿದ್ದರೆ ಮೆದು ಸೀಸದ ಪೆಲೆಟ್ ಅಂಚಿಗೆ ತಾಗಿ ವಿಕಾರಗೊಂಡೇ ಒಳಹೋಗುತ್ತಿತ್ತು.

ಸ್ಪ್ರಿಂಗ್ ಕೋವಿಯ ನಿಜವಾದ ಶತ್ರು ಒಳಗೇ ಇತ್ತು. ಭಾರದ ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ಕೋವಿ ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ತುದಿಗೆ ಬಂದು ನಿಂತಾಗ ಮುಂದಕ್ಕೆ ಜಿಗಿಯುತ್ತದೆ. ಇದೆಲ್ಲ ಪೆಲೆಟ್ ಇನ್ನೂ ನಳಿಗೆಯೊಳಗಿರುವಾಗಲೇ ಶುರುವಾಗುತ್ತದೆ. ಹೀಗಾಗಿ ಕೋವಿಯನ್ನು ಹಿಡಿದ ರೀತಿಯೇ ಗುಂಡಿನ ಜಾಗವನ್ನು ನಿರ್ಧರಿಸುತ್ತದೆ. ಗಟ್ಟಿ ಮೇಜಿನ ಮೇಲೆ ಒರಗಿಸಿದರೆ ಒಂದು ಕಡೆ, ಅಂಗೈಯಲ್ಲಿ ಸಡಿಲವಾಗಿ ಇಟ್ಟುಕೊಂಡರೆ ಇನ್ನೊಂದು ಕಡೆ. ಇಂದಿಗೂ ಸ್ಪ್ರಿಂಗ್ ಕೋವಿ ಕೊಂಡವರು ಅದನ್ನು ಬಿಗಿಯಾಗಿ ಅವುಚಿ ಹಿಡಿದು, ಗುಂಡು ಚೆದುರಿತೆಂದು ನಳಿಗೆಯನ್ನು ದೂರುವುದುಂಟು. ಸಡಿಲವಾಗಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ಹಿಡಿದರೆ ಅದೇ ಕೋವಿಯ ಗ್ರೂಪ್, ಅಂದರೆ ಗುಂಡುಗಳು ಬಿದ್ದ ಗುಂಪು, ಅರ್ಧಕ್ಕರ್ಧ ಕಿರಿದಾಗುವುದೂ ಇದೆ. ಒಳಗೆ ಎಣ್ಣೆ ಹೆಚ್ಚಾದಾಗ ಬರುವ ತೊಂದರೆ ಬೇರೆಯದೇ: ಅದುಮಿದ ಗಾಳಿ ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ, ಹೊಗೆ ಬರುತ್ತದೆ, ವೇಗ ಒಂದೊಂದು ಹೊಡೆತಕ್ಕೆ ಒಂದೊಂದು ಆಗುತ್ತದೆ. ಕೋವಿಗೆ ಎಣ್ಣೆ ಬಿಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಎಷ್ಟೋ ಒಳ್ಳೆಯ ಕೋವಿಗಳನ್ನು ಹಾಳುಮಾಡಿದೆ.

ಈ ಜಗ್ಗಾಟಕ್ಕೆ ಮದ್ದು ಕಂಡುಹಿಡಿದವರು ಯುದ್ಧಾನಂತರದ ಜರ್ಮನ್ನರು. ಎರಡನೆಯ ಮಹಾಯುದ್ಧದಲ್ಲಿ ಸೋತ ದೇಶದಲ್ಲಿ ಬಂದೂಕು ತಯಾರಿಕೆಗೆ ತಡೆ ಬಿದ್ದಿತ್ತು. ಗಾಳಿಕೋವಿಗೆ ಮೊದಲು ಅನುಮತಿ ಸಿಕ್ಕಾಗ ನುರಿತ ಕೈಗಳೆಲ್ಲ ಅತ್ತ ತಿರುಗಿದವು. ವಾಲ್ಟರ್ ಕಂಪನಿ ಉಲ್ಮ್ ನಗರದಲ್ಲಿ ಮತ್ತೆ ನೆಲೆಯೂರಿತು. ಓಬರ್ನ್‌ಡೋರ್ಫಿನ ಮೌಸರ್ ಕಾರ್ಖಾನೆಯಲ್ಲಿ ದುಡಿದಿದ್ದ ಕಾರ್ಲ್ ವೆಸ್ಟಿಂಗರ್ ಮತ್ತು ಅರ್ನ್ಸ್ಟ್ ಆಲ್ಟೆನ್‌ಬರ್ಗರ್ ಅದೇ ಊರಿನಲ್ಲಿ ಫೈನ್‌ವೆರ್ಕ್‌ಬೌ ಕಟ್ಟಿದರು. ಯುದ್ಧದ ಬಂದೂಕಿಗೆ ಮೀಸಲಾಗಿದ್ದ ಕೌಶಲ ಹತ್ತು ಮೀಟರ್ ದೂರದ ಕಾಗದದ ಗುರಿಗೆ ಮುಡಿಪಾದದ್ದು ಆ ಶತಮಾನದ ಒಳ್ಳೆಯ ತಿರುವುಗಳಲ್ಲಿ ಒಂದು.

1960ರ ದಶಕದ ಆರಂಭದಲ್ಲಿ ಎರಡು ಉತ್ತರಗಳು ಬಂದವು. ರಾಸ್ಟಾಟ್ ಊರಿನ ಡಯಾನಾ ಕಂಪನಿ ಕುರ್ಟ್ ಗಿಸ್ ಅವರ ವಿಧಾನವನ್ನು ಅಳವಡಿಸಿತು. ಅದರಲ್ಲಿ ಎರಡು ಪಿಸ್ಟನ್: ಒಂದು ಮುಂದಕ್ಕೆ ಹೋಗಿ ಗಾಳಿ ಅದುಮಿದರೆ, ಅದರ ತೂಕಕ್ಕೆ ಸಮನಾದ ಇನ್ನೊಂದು ಹಿಂದಕ್ಕೆ ಸರಿದು ಜಗ್ಗನ್ನು ರದ್ದುಮಾಡುತ್ತದೆ. ಎರಡನ್ನೂ ಹಲ್ಲುಗಾಲಿ ಜೋಡಿಸುತ್ತದೆ. ಕೋವಿ ಬಿಚ್ಚಿ ಮತ್ತೆ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ಪಿಸ್ಟನ್‌ಗಳ ಲಯ ಕೆಡುತ್ತದೆ, ಹೋದ ಜಗ್ಗು ಮರಳಿ ಬರುತ್ತದೆ. ಫೈನ್‌ವೆರ್ಕ್‌ಬೌ 150 ಮಾದರಿಯ ದಾರಿ ಇನ್ನೂ ಸರಳ. ಜಗ್ಗನ್ನು ತಡೆಯಲು ಹೋಗದೆ ಅದು ಇಡೀ ಯಂತ್ರಭಾಗವನ್ನು ಭುಜಕ್ಕೆ ಒರಗುವ ಸ್ಟಾಕಿನ ಮೇಲೆ ಹಳಿಯಲ್ಲಿ ಕೂರಿಸಿತು. ಟ್ರಿಗರ್ ಒತ್ತಿದ ಕ್ಷಣದಲ್ಲಿ ಕೊಂಡಿ ಬಿಟ್ಟುಕೊಂಡು ನಳಿಗೆ, ಪಿಸ್ಟನ್, ಸೈಟ್ ಎಲ್ಲವೂ ಒಟ್ಟಿಗೆ ಹಿಂದೆ ಜಾರುತ್ತವೆ. ಭುಜಕ್ಕೆ ಏನೂ ತಾಕುವುದಿಲ್ಲ. ಪೆಲೆಟ್ ನೇರ ನಳಿಗೆಯೊಳಕ್ಕೇ ಹೋಗುತ್ತಿದ್ದರಿಂದ ಜೆಫ್ರೀಸನ ತಿರುಪಿನ ತೊಂದರೆಯೂ ತಪ್ಪಿತು. 1966ರ ವೀಸ್ಬಾಡೆನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗಾಳಿಕೋವಿ ಸ್ಪರ್ಧೆಗೆ ಜಾಗ ಸಿಗುವ ಹೊತ್ತಿಗೆ ಕೋವಿ ಆ ಗೌರವಕ್ಕೆ ತಕ್ಕದ್ದಾಗಿತ್ತು.

ಜಗ್ಗು ಹೋದ ಮೇಲೆ ಉಳಿದದ್ದು ಸ್ಪ್ರಿಂಗಿನ ಅದುರು. ಅದನ್ನೂ ಬೇಡವೆಂದ ವಾಲ್ಟರ್ 1970ರ ದಶಕದಲ್ಲಿ ಎಲ್‌ಜಿಆರ್ ಮಾದರಿಯನ್ನು ತಂದಿತು. 1980ರ ದಶಕದಲ್ಲಿ ಫೈನ್‌ವೆರ್ಕ್‌ಬೌ 600 ಬಂತು. ಇವುಗಳಲ್ಲಿ ಸನ್ನೆಯನ್ನು ಒಮ್ಮೆ ಎಳೆದರೆ ಒಂದು ಹೊಡೆತಕ್ಕೆ ಬೇಕಾದಷ್ಟೇ ಗಾಳಿ ತುಂಬುತ್ತದೆ. ಪ್ರತಿ ಸಲವೂ ಅದೇ ಅಳತೆಯ ಗಾಳಿಯಾದ್ದರಿಂದ ವೇಗ ಬಹಳ ಸಮನಾಗಿರುತ್ತದೆ. ಬೆಲೆ ತೆತ್ತಿದ್ದು ಸೀಲ್: ರಬ್ಬರ್ ಗಡುಸಾದರೆ ತುಂಬಿದ ಗಾಳಿ ಗುರಿ ನೋಡುವಷ್ಟರಲ್ಲೇ ಸೋರುತ್ತದೆ. ಬೇಗ ಹೊಡೆದ ಗುಂಡು ಮೇಲೆ, ತಡವಾಗಿ ಹೊಡೆದದ್ದು ಕೆಳಗೆ ಬೀಳುತ್ತಿದ್ದರೆ ಅಂಥ ಕೋವಿಯಲ್ಲಿ ಮೊದಲು ನೋಡಬೇಕಾದದ್ದು ಸೀಲನ್ನು. ಅನಂತರ ಕೆಲಕಾಲ ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಚಾಲ್ತಿಗೆ ಬಂತು. ಅದರ ಒತ್ತಡ ಹವೆಯ ಬಿಸಿಗೆ ಕಟ್ಟುಬಿದ್ದದ್ದು: ಸೊನ್ನೆ ಡಿಗ್ರಿಯಲ್ಲಿ ಸುಮಾರು 35 ಬಾರ್, 20 ಡಿಗ್ರಿಯಲ್ಲಿ ಸುಮಾರು 57, 30 ಡಿಗ್ರಿಯಲ್ಲಿ 70ರ ಮೇಲೆ. ಬೆಳಗಿನ ತಂಪಿನಲ್ಲಿ ಹೊಂದಿಸಿದ ಕೋವಿ ಮಧ್ಯಾಹ್ನಕ್ಕೆ ಬೇರೆ ಕಡೆ ಹೊಡೆಯುತ್ತಿತ್ತು. ನಮ್ಮಂಥ ಬಿಸಿಲ ನಾಡಿಗೆ ಅದು ಒಗ್ಗುವ ಮಾತಾಗಿರಲಿಲ್ಲ.

1990ರ ದಶಕದಲ್ಲಿ ಕೋವಿ ಮತ್ತೆ ಜಿರಾಂಡೋನಿಯ ದಾರಿಗೆ ಮರಳಿತು: ಮೊದಲೇ ಗಾಳಿ ತುಂಬಿದ ಸಿಲಿಂಡರ್. ಈ ಸಲ ಜೊತೆಗೆ ರೆಗ್ಯುಲೇಟರ್ ಇತ್ತು. ಸಿಲಿಂಡರಿನಲ್ಲಿ 200 ಬಾರ್ ಇರಲಿ 100 ಇರಲಿ, ಕವಾಟಕ್ಕೆ ತಲುಪುವ ಒತ್ತಡ ಒಂದೇ. ಇದರ ಮಹತ್ವ ಲೆಕ್ಕ ಹಾಕಿದರೆ ತಿಳಿಯುತ್ತದೆ. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ ಹತ್ತು ಮೀಟರ್ ದಾಟುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಸುಮಾರು 16 ಮಿಲಿಮೀಟರ್ ಇಳಿಯುತ್ತದೆ. ವೇಗ 170ಕ್ಕೆ ಕುಸಿದರೆ 17 ಮಿಲಿಮೀಟರ್. ಅಂದರೆ ಐದು ಮೀಟರಿನ ವ್ಯತ್ಯಾಸ ಗುರಿಯಲ್ಲಿ ಒಂದು ಮಿಲಿಮೀಟರ್. ಹತ್ತರ ಅಂಕದ ಚುಕ್ಕೆಯ ಅಗಲವೇ ಅರ್ಧ ಮಿಲಿಮೀಟರ್. ರೆಗ್ಯುಲೇಟರಿನ ಸೀಟಿನಲ್ಲಿ ಧೂಳಿನ ಕಣ ಕೂತರೆ, ಕೋವಿ ಸುಮ್ಮನಿದ್ದಾಗ ಒತ್ತಡ ಮೆಲ್ಲನೆ ಏರಿ, ಬಿಡುವಿನ ನಂತರದ ಮೊದಲ ಗುಂಡು ಮಾತ್ರ ಮೇಲೆ ಬೀಳುತ್ತದೆ. ಗುಂಡುಗಳು ಮೇಲೆ ಕೆಳಗೆ ಸಾಲಾಗಿ ನಿಂತರೆ ವೇಗದ ದೋಷವನ್ನು ಮೊದಲು ಶಂಕಿಸುವ ರೂಢಿ ಬಂದದ್ದು ಈ ಕಾರಣಕ್ಕೆ.

ಯಂತ್ರ ಇಷ್ಟು ಶುದ್ಧವಾದ ಮೇಲೆ ಕಣ್ಣು ಬಿದ್ದದ್ದು ಪೆಲೆಟ್ಟಿನ ಮೇಲೆ. ನಡು ಸಣ್ಣದಾದ, ತಲೆ ಭಾರದ, ಹಿಂಬದಿ ಲಂಗದಂತೆ ಅರಳಿದ 4.5 ಮಿಲಿಮೀಟರಿನ ಪೆಲೆಟ್ಟಿನ ತೂಕ ಅರ್ಧ ಗ್ರಾಂ ಆಸುಪಾಸು. ತಲೆಯ ಅಳತೆ 4.49, 4.50, 4.51 ಎಂದು ನೂರರಲ್ಲೊಂದು ಮಿಲಿಮೀಟರಿನ ಅಂತರದಲ್ಲಿ ಮಾರಾಟವಾಗುತ್ತದೆ. ಅಚ್ಚು ಸವೆದಂತೆ ಬ್ಯಾಚಿನಿಂದ ಬ್ಯಾಚಿಗೆ ರೂಪ ಬದಲಾಗುತ್ತದೆ. ಒಂದು ನಳಿಗೆಗೆ ಒಲಿದ ಬ್ಯಾಚ್ ಪಕ್ಕದ ನಳಿಗೆಗೆ ಒಲಿಯದು. ಇದನ್ನು ಮೊದಲೇ ಹೇಳುವ ಸೂತ್ರವಿಲ್ಲ, ಹೊಡೆದೇ ನೋಡಬೇಕು. ಅದಕ್ಕೆಂದೇ ನಳಿಗೆಯನ್ನು ಇಕ್ಕಳದಲ್ಲಿ ಬಿಗಿದು, ಮನುಷ್ಯನ ಕೈ ಸೋಕದಂತೆ ಹತ್ತು ಮೀಟರಿಗೆ ಹೊಡೆಯುವ ಪರೀಕ್ಷೆ ರೂಢಿಯಾಯಿತು. ಹಾನ್ ಮ್ಯುಂಡೆನ್ ಊರಿನ ಎಚ್ ಆ್ಯಂಡ್ ಎನ್‌ನಂಥ ಪೆಲೆಟ್ ತಯಾರಕರು ಶೂಟರ್‌ಗಳಿಗೆ ಈ ಅನುಕೂಲ ಕಲ್ಪಿಸಿದರು. ಹೊಸ ಕೋವಿಯ ಪೆಟ್ಟಿಗೆಯಲ್ಲಿ ಕಾರ್ಖಾನೆಯಲ್ಲಿ ಹೊಡೆದ ಗ್ರೂಪಿನ ಕಾಗದ ಇಟ್ಟು ಕಳಿಸುವ ಪದ್ಧತಿಯೂ ಬೆಳೆಯಿತು.

ಇಕ್ಕಳದ ಪರೀಕ್ಷೆಯೇ ಈ ಇತಿಹಾಸದ ದೊಡ್ಡ ಗಳಿಕೆ. ಕೋವಿಯ ತಪ್ಪೋ, ಹೊಡೆದವರ ತಪ್ಪೋ ಎಂಬ ಹಳೆಯ ಜಗಳವನ್ನು ಅದು ಅಳತೆಗೆ ಸಿಗುವಂತೆ ಮಾಡಿತು. ಇಕ್ಕಳದಲ್ಲಿ ಗ್ರೂಪ್ ಬಿಗಿಯಾಗಿದ್ದು ಕೈಯಲ್ಲಿ ಚೆದುರಿದರೆ ನಳಿಗೆಯೂ ಪೆಲೆಟ್ಟೂ ನಿರಪರಾಧಿ. ಆಗ ಸ್ಟಾಕಿನ ಸ್ಕ್ರೂ ಸಡಿಲವೇ, ಸೈಟ್ ಅಲ್ಲಾಡುತ್ತದೆಯೇ, ಕೋವಿ ಒಂದು ಬದಿಗೆ ವಾಲುತ್ತಿದೆಯೇ, ಟ್ರಿಗರ್ ಎಳೆದ ನಂತರ ಹೊಡೆಯುವವರು ತಾಳ್ಮೆಯಿಂದ ಗುರಿಯಲ್ಲೇ ನಿಲ್ಲುತ್ತಿದ್ದಾರೆಯೇ ಎಂದು ನೋಡಬೇಕು. ಇಕ್ಕಳದಲ್ಲೂ ಚೆದುರಿದರೆ ಬೇರೆ ಬ್ಯಾಚಿನ ಪೆಲೆಟ್, ಆಮೇಲೆ ನಳಿಗೆಯ ಶುಚಿ, ಕೊನೆಗೆ ನಳಿಗೆಯ ಬಾಯಿಯ ಅಂಚು. ಆ ಅಂಚಿಗೆ ಸಣ್ಣ ಗೀರು ಬಿದ್ದರೂ ಹೊರಡುವ ಪೆಲೆಟ್ಟಿನ ಹಿಂದಿನ ಗಾಳಿ ಒಂದು ಪಕ್ಕಕ್ಕೆ ಹೆಚ್ಚು ನುಗ್ಗಿ ಅದನ್ನು ವಾಲಿಸುತ್ತದೆ.

ಗ್ರೂಪ್ ಬಿಗಿಯಾಗಿಯೇ ಇದ್ದು ಇಡಿಯಾಗಿ ಜಾಗ ಬದಲಿಸಿದರೆ ಮಾತ್ರ ಅದು ಸೈಟಿನ ವಿಷಯ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸಿನ ಫೈನಲ್‌ಗೆ ಮುನ್ನ ಅಭಿನವ್ ಬಿಂದ್ರಾ ಅಭ್ಯಾಸದ ಮೊದಲ ಗುಂಡು ಹೊಡೆದಾಗ ಬಂದದ್ದು ನಾಲ್ಕರ ವಲಯದ ಹೊಡೆತ. ಎಂದರೆ ಕೇಂದ್ರದಿಂದ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ದೂರ. ಅರ್ಹತಾ ಸುತ್ತಿನಲ್ಲಿ 600ಕ್ಕೆ 596 ಗಳಿಸಿದ ಕೈ ಅಷ್ಟರಲ್ಲಿ ಹಾಗೆ ತಪ್ಪುವಂತಿರಲಿಲ್ಲ. ಅವರು ತಮ್ಮ ಹಿಡಿತವನ್ನು ಬದಲಿಸದೆ ಸೈಟನ್ನು ತಿರುಗಿಸಿದರು, ಗುಂಡು ನಡುವಿಗೆ ಬಂತು. ಫೈನಲ್ ಸೇರಿ ಒಟ್ಟು 700.5 ಅಂಕ, ಕೊನೆಯ ಹೊಡೆತ 10.8, ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನ. ದೋಷ ಎಲ್ಲಿದೆ ಎಂದು ನಿಮಿಷಗಳೊಳಗೆ ಗುರುತಿಸಿದ ಆ ನಿರ್ಧಾರಕ್ಕೆ ಕೊನೆಯ ಹೊಡೆತದಷ್ಟೇ ಮನ್ನಣೆ ಸಲ್ಲಬೇಕು.

1984ರ ಲಾಸ್ ಏಂಜಲೀಸ್ ಕ್ರೀಡಾಕೂಟದಲ್ಲಿ ಗಾಳಿಕೋವಿ ಒಲಿಂಪಿಕ್ಸಿಗೆ ಬಂದಾಗ ಹತ್ತರ ವಲಯ ಮುಟ್ಟಿದ ಗುಂಡೆಲ್ಲ ಹತ್ತೇ ಆಗಿತ್ತು. ಪುರುಷರ 60 ಹೊಡೆತಕ್ಕೆ ಗರಿಷ್ಠ 600. 2013ರಿಂದ ಅರ್ಹತಾ ಸುತ್ತಿಗೂ ದಶಾಂಶದ ಅಂಕ ಬಂದು ಗರಿಷ್ಠ 654 ಆಯಿತು. ಮೊದಲು ಅರ್ಹತಾ ಸುತ್ತಿನಲ್ಲಿ 10.0ಕ್ಕೂ 10.9ಕ್ಕೂ ಭೇದವಿರಲಿಲ್ಲ, ಈಗ ಕೇಂದ್ರದಿಂದ ಸರಿದ ಪ್ರತಿ ಕಾಲು ಮಿಲಿಮೀಟರಿಗೆ 0.1 ಅಂಕ ಕಳೆಯುತ್ತದೆ. ರೆಗ್ಯುಲೇಟರ್ ಸೀಟಿನ ಧೂಳಿನಿಂದಲೋ ಹೊಂದದ ಬ್ಯಾಚಿನಿಂದಲೋ ತಪ್ಪುವ ಒಂದು ಮಿಲಿಮೀಟರಿಗೆ ಇಂದಿನ ಸ್ಪರ್ಧೆಯಲ್ಲಿ ಬೆಲೆ 0.4 ಅಂಕ.